ಸೋದರತ್ತೆಯ ಕಿವಿಮಾತು: ಕೂಸಿಗೆ ಹಿರಿಯರ ಹೆಸರೋ, ದೇವರ ಹೆಸರೋ, ಮೊಬೈಲಿನ ಹೆಸರೋ?

ನಮ್ಮ ಕಲಬುರಗಿ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಹೆಸರನ್ನು ಕಿವಿಯಲ್ಲಿ ಊದುವುದು ಸೋದರತ್ತೆಯ ಕೆಲಸ. ಊದಿದ ತಕ್ಷಣ ಸುತ್ತ ನಿಂತ ಹೆಂಗಸರೆಲ್ಲ ಆಕೆಯ ಬೆನ್ನಿಗೆ ಗುದ್ದುತ್ತಾರೆ. ಗುದ್ದು ತಿನ್ನುವವಳು ನಾನೇ ಆದ್ದರಿಂದ ಹೆಸರು ಆರಿಸುವ ಹೊಣೆಯೂ ನನ್ನ ತಲೆಗೇ ಬಂತು. ತಮ್ಮನಿಗೆ ಹೆಣ್ಣು ಕೂಸು ಹುಟ್ಟಿತ್ತು. ಆರು ವಾರ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಅಪ್ಪ ಹೇಳಿದ್ದು ಒಂದೇ ಮಾತು: "ನಿಮ್ಮವ್ವನ ಹೆಸರ ಇಡ್ರಿ. ಶರಣಮ್ಮ ಹುಟ್ಟಿ ಬಂದಾಳ." ತಮ್ಮನ ಹೆಂಡತಿಗೆ ಮೊಬೈಲಿನಲ್ಲಿ ಸಿಕ್ಕ 'ಅನಯಾ' ಇಷ್ಟ. ಅವಳ ತವರು ಭಾಲ್ಕಿ. ಅಲ್ಲಿಂದ ಬಂದ ಸಲಹೆ ಅಕ್ಕಮಹಾದೇವಿ. ಜೋಯಿಸರು ಕೊಟ್ಟಿದ್ದು ಒಂದು ಅಕ್ಷರ, ಅದೂ 'ಣ'. ಈ ಗದ್ದಲದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ತೊಟ್ಟಿಲು ಕಟ್ಟುವುದಿದ್ದರೆ ಉಪಯೋಗಕ್ಕೆ ಬರಬಹುದು.

ಮೊದಲೇ ನನ್ನ ಪಕ್ಷಪಾತ ಹೇಳಿಬಿಡುತ್ತೇನೆ. ಎಲ್ಲರೂ ಅರ್ಥ ನೋಡಿ ಹೆಸರು ಆರಿಸುತ್ತಾರೆ. ನಾನು ಬಾಯಿ ನೋಡಿ ಅನ್ನುತ್ತೇನೆ. ಅರ್ಥ ಕೇಳುವವರು ಜನ್ಮಕ್ಕೆ ಹತ್ತು ಜನ. ಕೂಗುವವರು ದಿನಕ್ಕೆ ನೂರು ಸಲ.

ಹಿರಿಯರ ಹೆಸರು

ಮುತ್ಯಾ, ಆಯಿ ಅಂದರೆ ಅಜ್ಜ, ಅಜ್ಜಿಯ ಹೆಸರಿಡುವುದು ನಮ್ಮಲ್ಲಿ ಹಳೇ ರೂಢಿ. ಸಾಮಾನ್ಯವಾಗಿ ತೀರಿಕೊಂಡವರ ಹೆಸರನ್ನೇ ಇಡುತ್ತಾರೆ. ಇದು ನಮ್ಮದೊಂದೇ ಪದ್ಧತಿ ಅಂದುಕೊಂಡಿದ್ದೆ. ಯಹೂದಿಗಳಲ್ಲೂ ಇದೇ ವಾದ ಇದೆ. ಯುರೋಪಿನ ಅಶ್ಕೆನಾಜಿ ಯಹೂದಿಗಳು ಬದುಕಿರುವ ಹಿರಿಯರ ಹೆಸರನ್ನು ಮಗುವಿಗೆ ಇಡುವುದಿಲ್ಲ. ಸ್ಪೇನ್ ಮೂಲದ ಸೆಫರ್ದಿಗಳು ಅಜ್ಜ ಎದುರಿಗೇ ಕೂತಿದ್ದರೂ ಇಡುತ್ತಾರೆ, ಅದನ್ನು ಗೌರವ ಅಂತಲೇ ತಿಳಿಯುತ್ತಾರೆ.

ಈ ಆಯ್ಕೆಯ ಲಾಭ ಗೊತ್ತೇ ಇದೆ: ಮನೆಯ ಹಿರಿಯರು ಒಂದೇ ಮಾತಿಗೆ ತಣ್ಣಗಾಗುತ್ತಾರೆ. ತೊಂದರೆ ಮಾತ್ರ ಸೊಸೆಗೆ. ಅತ್ತೆಯ ಹೆಸರನ್ನು ಅವಳು ಬಾಯಲ್ಲಿ ಆಡುವ ಹಾಗಿಲ್ಲ. ಹೀಗಿರುವಾಗ ಹಾಲು ಚೆಲ್ಲಿದ ಮಗಳನ್ನು "ಏ ಶರಣವ್ವಾ" ಅಂತ ಬೈಯುವುದು ಹೇಗೆ? ನಮ್ಮ ಓಣಿಯಲ್ಲಿ ಒಬ್ಬರು ಮಗನಿಗೆ ಮಾವನ ಹೆಸರಿಟ್ಟಿದ್ದಾರೆ. ಆತನಿಗೆ ಈಗ ಮೂವತ್ತು ವರ್ಷ. ತಾಯಿ ಇವತ್ತಿಗೂ "ಅಪ್ಪಾಜಿ" ಅಂತಲೇ ಕರೆಯುತ್ತಾಳೆ. ಸಿಟ್ಟು ಬಂದಾಗಲೂ "ಅಪ್ಪಾಜಿ, ನಿನಗ ಬುದ್ಧಿ ಅದ ಏನು?" ಕೇಳುವುದಕ್ಕೆ ಬಹಳ ಚೆಂದ.

ಹಿರಿಯರ ಹೆಸರಲ್ಲೇ ಇನ್ನೊಂದು ಗುಂಪಿದೆ: ಬೇಕಂತಲೇ ಸಾದಾ ಇಟ್ಟ ಹೆಸರುಗಳು. ಗುಂಡಪ್ಪ, ಕಲ್ಲಪ್ಪ, ತಿಪ್ಪಣ್ಣ, ಅಡಿವೆಪ್ಪ. ಹುಟ್ಟಿದ ಕೂಸು ಉಳಿಯದ ಮನೆಯಲ್ಲಿ ಕಲ್ಲು, ತಿಪ್ಪೆ, ಅಡವಿಯ ಹೆಸರಿಟ್ಟರೆ ಸಾವು ಇತ್ತ ತಿರುಗಿ ನೋಡುವುದಿಲ್ಲ ಎಂಬ ನಂಬಿಕೆ. ಪಕ್ಕದ ಮರಾಠಿಯಲ್ಲಿ ದಗಡು, ಧೋಂಡಿಬಾ ಇದ್ದಾರೆ, ಎರಡೂ ಕಲ್ಲೇ. ಚೀನಾದ ಹಳ್ಳಿಗಳಲ್ಲಿ 'ಗೌಶೆಂಗ್' ಅಂತ ಕರೆಯುತ್ತಿದ್ದರು, ನಾಯಿ ತಿನ್ನದೆ ಬಿಟ್ಟಿದ್ದು ಅಂತ ಅರ್ಥ. ಮಂಗೋಲಿಯಾದವರು ಇನ್ನೂ ಒಂದು ಹೆಜ್ಜೆ ಮುಂದೆ: 'ನೆರ್ಗುಯ್' ಅಂದರೆ ಹೆಸರಿಲ್ಲದವನು, 'ಎನೆಬಿಶ್' ಅಂದರೆ ಇವನಲ್ಲ. ಸಾವು ಬಾಗಿಲಿಗೆ ಬಂದು ಕೇಳಿದರೆ ಇವನಲ್ಲ ಅನ್ನಬಹುದು ನೋಡಿ! ಇಂಥ ಹೆಸರಿನ ಮುತ್ಯಾ ನಿಮ್ಮ ಮನೆಯಲ್ಲಿದ್ದರೆ ನಾಚಬೇಡಿ. ಆ ಹೆಸರಿನ ಹಿಂದೆ ಉಳಿಯದ ಕೂಸುಗಳ ದುಃಖ ಇದೆ.

ಸಾಕವ್ವ ಮಾತ್ರ ಬೇರೆ ಕಥೆ. ಹೆಣ್ಣು ಹುಟ್ಟಿದ್ದು ಸಾಕು ಅಂತ ಇಟ್ಟದ್ದು. ಮಹಾರಾಷ್ಟ್ರದಲ್ಲಿ ಇದೇ 'ನಕುಶಾ', ಬೇಡವಾದವಳು. 2011ರಲ್ಲಿ ಸಾತಾರ ಜಿಲ್ಲೆಯಲ್ಲಿ ಕಾರ್ಯಕ್ರಮ ಮಾಡಿ ಈ ಹೆಸರಿನ ನೂರಾರು ಹುಡುಗಿಯರಿಗೆ ಹೊಸ ಹೆಸರು ಕೊಟ್ಟರು. ಹಿರಿಯರ ಹೆಸರು ಸಾಕವ್ವ ಆಗಿದ್ದರೆ ಅದನ್ನು ಮೊಮ್ಮಗಳಿಗೆ ದಾಟಿಸಬೇಡಿ. ಆ ತಾಯಿಯೂ ಅದನ್ನು ಕೇಳಿ ಪಡೆದಿರಲಿಲ್ಲ.

ದೇವರು, ದರ್ಗಾ, ಶರಣರು

ಕಲಬುರಗಿ, ಬೀದರ, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಹೆಸರು ಕೇಳಿಯೇ ಊರು ಹೇಳಬಹುದು. ರೇವಣಸಿದ್ಧಪ್ಪ ಅಂದರೆ ರೇವಗ್ಗಿ ಕಡೆಯ ಒಕ್ಕಲು. ಭಾಗ್ಯವಂತಿ ಅಂದರೆ ಘತ್ತರಗಿಗೆ ನಡೆದುಕೊಳ್ಳುವ ಮನೆ. ದತ್ತು, ದತ್ತಪ್ಪ ಅಂದರೆ ಗಾಣಗಾಪುರ. ಮೈಲಾರಿ ಇದ್ದರೆ ಯಾದಗಿರಿಯ ಮೈಲಾಪುರವೋ ಬೀದರಿನ ಖಾನಾಪುರದ ಮೈಲಾರವೋ ಕೇಳಬೇಕು. ವೀರಭದ್ರಪ್ಪ ಹುಮನಾಬಾದಿನವನಿರಬಹುದು. ಮೋನಪ್ಪ, ಮೌನೇಶ, ಮೋನಮ್ಮ ಅಂದರೆ ಸುರಪುರದ ಹತ್ತಿರದ ತಿಂಥಣಿ ಮೌನೇಶ್ವರ. ಅಲ್ಲಿ ಹಿಂದೂಗಳು, ಮುಸಲ್ಮಾನರು ಇಬ್ಬರೂ ನಡೆದುಕೊಳ್ಳುತ್ತಾರೆ.

ಕಲಬುರಗಿಯಲ್ಲಂತೂ ಕಲ್ಲು ಎಸೆದರೆ ಶರಣಪ್ಪನಿಗೆ ಬೀಳುತ್ತದೆ, ತಪ್ಪಿದರೆ ಶರಣಬಸಪ್ಪನಿಗೆ. 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರ ಹೆಸರು ಅದು. 'ಬಸವ' ಬಂದದ್ದು ಸಂಸ್ಕೃತದ ವೃಷಭದಿಂದ. ಬಾಯಲ್ಲಿ ಆಡಿ ಆಡಿ ಸವೆದು ನಮ್ಮದಾಯಿತು. 'ಶರಣ' ಅಂದರೆ ಆಸರೆ. ವಚನಕಾರರ ಕಾಲದಲ್ಲಿ ಅದು ಆಸರೆ ಪಡೆದವನ ಹೆಸರೂ ಆಯಿತು.

ನಮ್ಮೂರ ದರ್ಗಾದ ಸೂಫಿ ಸಂತ ಖಾಜಾ ಬಂದೇನವಾಜರ ಹೆಸರಿನದೂ ಇಂಥದೇ ಕಥೆ. ಅವರ ಹೆಸರು ಸೈಯದ್ ಮುಹಮ್ಮದ್ ಹುಸೇನಿ. 'ಬಂದೇನವಾಜ್' ಅಂದರೆ ಫಾರ್ಸಿಯಲ್ಲಿ ಸೇವಕರ ಮೇಲೆ ಕರುಣೆ ಇಟ್ಟವರು. 'ಗೇಸುದರಾಜ್' ಅಂದರೆ ಉದ್ದ ಕೂದಲಿನವರು. 1422ರಲ್ಲಿ ಅವರು ಕಲಬುರಗಿಯಲ್ಲೇ ತೀರಿಕೊಂಡರು. ಜನ ನೆನಪಿಟ್ಟಿದ್ದು ಹುಟ್ಟಿನ ಹೆಸರನ್ನಲ್ಲ, ತಾವೇ ಕೊಟ್ಟ ಹೆಸರನ್ನು.

ನನಗೆ ತುಂಬ ಇಷ್ಟವಾದವು ಎರಡು ಕಡೆಯಿಂದ ಕೂಡಿದ ಹೆಸರುಗಳು. ಮೊಹರಮ್‌ನಲ್ಲಿ ಅಲಾಯಿ ದೇವರಿಗೆ ಹರಕೆ ಹೊತ್ತ ಮನೆಯಲ್ಲಿ ಹುಟ್ಟಿದವನು ಹುಸೇನಪ್ಪ. ಹುಸೇನ್ ಅರಬ್ಬಿ, 'ಹಸನ್' ಅಂದರೆ ಒಳ್ಳೆಯ, ಚೆಂದದ, ಅದರದೇ ಮುದ್ದಿನ ರೂಪ. ಅಪ್ಪ ನಮ್ಮದು. ಫಕೀರಪ್ಪನಲ್ಲಿ ಫಕೀರ ಅಂದರೆ ಬಡವ. ಪೀರಪ್ಪನಲ್ಲಿ ಪೀರ್ ಅಂದರೆ ಫಾರ್ಸಿಯ ಹಿರಿಯ. ಅಲ್ಲಿಗೆ ಪೀರಪ್ಪ ಅಂದರೆ ಹಿರಿಯಪ್ಪ! ಲಾಲಸಾಬ, ನಬಿಸಾಬರ 'ಸಾಬ' ಅರಬ್ಬಿಯ ಸಾಹಿಬ್. ಮೊದಲು ಅದಕ್ಕೆ ಜೊತೆಗಾರ ಅನ್ನುವ ಅರ್ಥ ಇತ್ತು, ಆಮೇಲೆ ಒಡೆಯ ಅಂತಾಯಿತು. ಇದೇ ಪದದ ಹೆಸರಿನವರೊಬ್ಬರು ಬೀದರಿನಿಂದ ಪಂಜಾಬಿಗೂ ಹೋಗಿದ್ದಾರೆ. 1699ರಲ್ಲಿ ಗುರು ಗೋವಿಂದ ಸಿಂಗರು ಆರಿಸಿದ ಐವರು ಪಂಜ್ ಪ್ಯಾರೆಯರಲ್ಲಿ ಒಬ್ಬರು ಭಾಯಿ ಸಾಹಿಬ್ ಸಿಂಗ್. ಅವರು ಬೀದರಿನವರು ಅನ್ನುತ್ತದೆ ಸಿಖ್ ಪರಂಪರೆ. ಸಿಂಗ್ ಅಂದರೆ ಸಿಂಹ. ಜಾತಿ ಹೇಳುವ ಅಡ್ಡಹೆಸರು ಕಿತ್ತು ಎಲ್ಲ ಗಂಡಸರಿಗೂ ಸಿಂಗ್, ಹೆಂಗಸರಿಗೆ ಕೌರ್ ಅಂತ ಇಟ್ಟಿದ್ದು ಆಗಲೇ ಅನ್ನುತ್ತಾರೆ.

ಬಸವಕಲ್ಯಾಣದ ಶರಣರದು ಉಲ್ಟಾ ದಾರಿ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಆಯ್ದಕ್ಕಿ ಲಕ್ಕಮ್ಮ. ಕಸುಬನ್ನು ಮುಚ್ಚಿಡಲಿಲ್ಲ, ಹೆಸರಿನ ಮುಂದೆಯೇ ಇಟ್ಟು ತಲೆ ಎತ್ತಿ ನಡೆದರು. ಇಂಗ್ಲೆಂಡಿನ ಸ್ಮಿತ್, ಜರ್ಮನಿಯ ಶ್ಮಿಟ್ ಇಬ್ಬರೂ ಕಮ್ಮಾರರೇ. ಆದರೆ ಅವರು ಅದನ್ನು ಮರೆತು ಎಷ್ಟೋ ಕಾಲವಾಯಿತು.

ದೇವರ ಹೆಸರಿನ ಕೊರತೆ ಒಂದೇ: ಒಂದೇ ಶಾಲೆಯ ಒಂದೇ ಕ್ಲಾಸಿನಲ್ಲಿ ಐದು ಮಲ್ಲಿಕಾರ್ಜುನ. ಆಗ ಮಾಸ್ತರರು 'ಕರಿ ಮಲ್ಯಾ', 'ಗಿಡ್ಡ ಮಲ್ಯಾ' ಶುರು ಮಾಡುತ್ತಾರೆ. ಒಮ್ಮೆ ಅಂಟಿದರೆ ಸಾಯೋವರೆಗೂ ಬಿಡುವುದಿಲ್ಲ.

ಈ 'ಯಾ' ಬಗ್ಗೆ ಒಂದು ಮಾತು. ಬಸಪ್ಪ ಬಸ್ಯಾ ಆಗುತ್ತಾನೆ, ಭೀಮರಾಯ ಭೀಮ್ಯಾ ಆಗುತ್ತಾನೆ. ತಾಯಿ ಕರೆದರೆ ಅದು ಮುದ್ದು. ಗೆಳೆಯ ಕರೆದರೆ ಸಲಿಗೆ. ಊರ ಗೌಡ ಕೇರಿಯ ಹಿರಿಯನನ್ನು ಹಾಗೆ ಕರೆದರೆ ಅದು ಬೈಗುಳ. ಅಪ್ಪ, ಅಣ್ಣ ಅಂತ ಕೂಡಿಸಿ ಕರೆಸಿಕೊಳ್ಳುವ ಹಕ್ಕು ಎಷ್ಟೋ ಮನೆಗಳಿಗೆ ತಲೆಮಾರುಗಳವರೆಗೆ ಸಿಗಲಿಲ್ಲ. ಅಂಥ ಮನೆಗಳಲ್ಲಿ ಈಗ ಸಿದ್ಧಾರ್ಥ, ಗೌತಮ, ಸುಜಾತಾ, ಸಂಘಮಿತ್ರಾ ಬೆಳೆಯುತ್ತಿದ್ದಾರೆ. ಇದನ್ನು ಫ್ಯಾಶನ್ ಅನ್ನುವವರು ತಿಳಿಯದೆ ಮಾತಾಡುತ್ತಾರೆ. ಚಿತ್ತಾಪುರ ತಾಲ್ಲೂಕಿನ ಹಳೆಯ ಬೌದ್ಧ ನೆಲೆ ಸನ್ನತಿಗೆ ಹೋಗಿ ಬನ್ನಿ. ಅಲ್ಲೇ ಪಕ್ಕದ ಕನಗನಹಳ್ಳಿಯಲ್ಲಿ ರಾಜನೊಬ್ಬನ ಶಿಲ್ಪದ ಜೊತೆ ಬ್ರಾಹ್ಮಿ ಲಿಪಿಯಲ್ಲಿ 'ರಾಯೋ ಅಸೋಕೋ' ಅಂತ ಕೊರೆದಿದ್ದಾರೆ. ಶೋಕ ಇಲ್ಲದವನು ಅಶೋಕ. ಭೀಮಾ ನದಿಯ ದಂಡೆಗೆ ಅದು ಬಸಪ್ಪ, ಮಲ್ಲಪ್ಪ, ಹುಸೇನಪ್ಪ ಎಲ್ಲರಿಗಿಂತ ಹಳೆಯ ಹೆಸರು.

ಮೊಬೈಲಿನ ಹೆಸರು

ಈಗ ಅನಯಾಗೆ ಬರೋಣ. ತಮ್ಮನ ಹೆಂಡತಿ ತೋರಿಸಿದ ಪಟ್ಟಿಯಲ್ಲಿ ಏನೇನೋ ದೊಡ್ಡ ಅರ್ಥ ಇತ್ತು. ನಾನು ನಿಘಂಟು ತೆಗೆದೆ. ನಯ-ವಿನಯದ ನಯ ಗೊತ್ತಲ್ವಾ? ಅದಕ್ಕೆ 'ಅ' ಹಚ್ಚಿದರೆ ನಯ ಇಲ್ಲದ್ದು, ಅನೀತಿ, ಕೆಟ್ಟ ನಡತೆ. ಪಾಪ, ಅವಳ ಮುಖ ಸಣ್ಣಗಾಯಿತು. ಹತ್ತಿರದ ಉಚ್ಚಾರ ಬೇಕಿದ್ದರೆ ಅರಬ್ಬಿಯ 'ಇನಾಯಾ' ಇದೆ. ಕಾಳಜಿ ಅಂತ ಅರ್ಥ, ಚೆಂದದ ಹೆಸರು.

ಆರವ್ ಹಾಗೇ. ಶಾಂತ ಅಂತ ಬರೆದಿರುತ್ತಾರೆ. 'ರವ' ಅಂದರೆ ಸದ್ದು, ನಮ್ಮ ಕಲರವದ ರವ. ಆರವ ಅಂದರೆ ಕೂಗು, ಗದ್ದಲ. ಎರಡು ವರ್ಷದ ಹುಡುಗನಿಗೆ ಇದಕ್ಕಿಂತ ನಿಜವಾದ ಹೆಸರು ಇಲ್ಲ ಬಿಡಿ. ಆದರೆ ನಮ್ಮ ಕಡೆ ಇನ್ನೊಂದು ಪೇಚಿದೆ. ಹಳ್ಳಿಯ ಆಯಿ ಅದನ್ನು 'ಆರವ್ವ' ಅನ್ನುತ್ತಾಳೆ. ನೀಲವ್ವ, ಗಂಗವ್ವನ ಸಾಲಿಗೆ ಗಂಡು ಕೂಸು! ರೇಯಾಂಶ್‌ಗೆ 'ಬೆಳಕಿನ ಕಿರಣದ ಅಂಶ' ಅನ್ನುತ್ತಾರೆ. ಸಂಸ್ಕೃತದಲ್ಲಿ ಕಿರಣಕ್ಕೆ 'ರೇ' ಅನ್ನುವ ಪದ ಇಲ್ಲ. ಇಂಗ್ಲಿಷಿನಲ್ಲಿದೆ. ಕಿಯಾರಾ ಇಟಲಿಯ ಕಡೆಯಿಂದ ನೋಡಿದರೆ ಬೆಳಕು, ಐರ್ಲೆಂಡಿನ ಕಡೆಯಿಂದ ನೋಡಿದರೆ ಕಪ್ಪು.

ಹೊಸ ಹೆಸರು ಬೇಡ ಅಂತಲ್ಲ. ಆದ್ಯಾ ಅಂದರೆ ಮೊದಲನೆಯವಳು, ಅದರಲ್ಲಿ ಮೋಸ ಇಲ್ಲ. ರೆಹಾನ್ ಅಂದರೆ ಅರಬ್ಬಿಯಲ್ಲಿ ಪರಿಮಳದ ಗಿಡ, ಕಾಮಕಸ್ತೂರಿಯ ಜಾತಿ. ನಾನು ಹೇಳುವುದು ಇಷ್ಟೇ: ಪಟ್ಟಿಯಲ್ಲಿ ಸಿಕ್ಕಿದ್ದನ್ನು ನಿಘಂಟಿನಲ್ಲಿ ಒಮ್ಮೆ ನೋಡಿ. ಐದು ನಿಮಿಷದ ಕೆಲಸ.

ಹುಡುಕುವಾಗ ಒಂದು ರಾತ್ರಿ ಸಿಕ್ಕ ಮುತ್ತು ಇದು. ನಮ್ಮ ಆಫೀಸಿನಲ್ಲಿ ಮೂವರು ಹುಡುಗಿಯರಿದ್ದಾರೆ: ಕೃತಿಕಾ, ಪರ್ವೀನ್, ಸುರಯ್ಯಾ. ಮೂವರ ಮೇಜೂ ಒಂದೇ ಸಾಲಿನಲ್ಲಿ. ಕೃತ್ತಿಕಾ ನಕ್ಷತ್ರದ ಗೊಂಚಲಿಗೆ ಫಾರ್ಸಿಯಲ್ಲಿ ಪರ್ವೀನ್, ಅರಬ್ಬಿಯಲ್ಲಿ ಸುರಯ್ಯಾ. ಆಕಾಶದಲ್ಲಿ ಇರುವುದು ಒಂದೇ ಗೊಂಚಲು! ಜಪಾನಿನವರು ಅದನ್ನು ಸುಬಾರು ಅಂತ ಕರೆದು ಕಾರಿಗೆ ಇಟ್ಟಿದ್ದಾರೆ. ಮರುದಿನ ಹೇಳಿದಾಗ ಪರ್ವೀನ್ ನಕ್ಕು "ಹಂಗಾರ ನಾವು ಅಕ್ಕ-ತಂಗಿ" ಅಂದಳು. ಆವತ್ತಿನಿಂದ ಮೂವರೂ ಡಬ್ಬಿ ಬಿಚ್ಚುವುದು ಒಂದೇ ಮೇಜಿನ ಮೇಲೆ.

ಅಕ್ಷರ ನೋಡಿ, ವಾರ ನೋಡಿ

27 ನಕ್ಷತ್ರ, ಒಂದೊಂದಕ್ಕೆ 4 ಪಾದ, ಒಟ್ಟು 108 ಅಕ್ಷರ. ಹುಟ್ಟಿದ ಪಾದಕ್ಕೆ ಬಂದ ಅಕ್ಷರದಿಂದ ಹೆಸರು ಶುರುವಾಗಬೇಕು. ಅದೃಷ್ಟ ಚೆನ್ನಾಗಿದ್ದರೆ 'ರ', 'ಸ' ಬರುತ್ತದೆ. ಆರ್ದ್ರಾ ಮೂರನೇ ಪಾದವಾದರೆ 'ಙ'. ನಮ್ಮ ಕೂಸು ಹಸ್ತಾ ಮೂರನೇ ಪಾದ, ಹಸ್ತಾದ ಅಕ್ಷರಗಳು ಪು, ಷ, ಣ, ಠ. 'ಣ'ದಿಂದ ಶುರುವಾಗುವ ಒಂದು ಹೆಸರು ಹೇಳಿ ನೋಡೋಣ! ಜೋಯಿಸರೇ ನಕ್ಕು "ನ ಹಿಡೀರಿ ನಡೀತದ" ಅಂದರು. ಅಷ್ಟು ಸಡಿಲ ಇದ್ದರೆ ಕಟ್ಟುಪಾಡು ಯಾಕೆ ಅನ್ನುವುದು ನನ್ನ ಪ್ರಶ್ನೆ. ಸಿಖ್ಖರು ಗುರುಗ್ರಂಥ ಸಾಹೇಬವನ್ನು ತೆರೆದು, ಸಿಕ್ಕ ಪದ್ಯದ ಮೊದಲ ಅಕ್ಷರ ಹಿಡಿಯುತ್ತಾರೆ. ಅದು ಸುಲಭ, 'ಙ' ಬರುವುದು ತೀರ ಅಪರೂಪ.

ವಾರದ ಹೆಸರು ಇನ್ನೂ ಸುಲಭ. ನಮ್ಮ ಲಂಬಾಣಿ ತಾಂಡಾಗಳಲ್ಲಿ ಸೋಮ್ಲಾ, ಮಂಗ್ಲಿಬಾಯಿ, ಥಾವರು ಇದ್ದಾರೆ. ಥಾವರ ಅಂದರೆ ಶನಿವಾರ. ಘಾನಾ ದೇಶದ ಅಕಾನ್ ಜನರದೂ ಇದೇ ರೀತಿ. ಅಲ್ಲಿ ಶುಕ್ರವಾರ ಹುಟ್ಟಿದ ಗಂಡು ಕೋಫಿ, ಶನಿವಾರದವನು ಕ್ವಾಮೆ. ವಿಶ್ವಸಂಸ್ಥೆಯ ಮುಖ್ಯಸ್ಥರಾಗಿದ್ದ ಕೋಫಿ ಅನ್ನಾನ್ ಹುಟ್ಟಿದ್ದು 1938ರ ಏಪ್ರಿಲ್ 8, ಶುಕ್ರವಾರ. ಘಾನಾದ ಮೊದಲ ರಾಷ್ಟ್ರಪತಿ ಕ್ವಾಮೆ ಎನ್‌ಕ್ರೂಮಾ ನಮ್ಮ ತಾಂಡಾದಲ್ಲಿ ಹುಟ್ಟಿದ್ದರೆ ಥಾವರು ನಾಯ್ಕ ಆಗುತ್ತಿದ್ದರು.

ಕಾಗದದ ಮೇಲೆ

ಹೆಸರಿನ ಅಂದಚೆಂದ ಏನೇ ಇರಲಿ, ಕೊನೆಗೆ ಅದನ್ನು ಬರೆಯುವವರು ಯಾರೋ ಗುಮಾಸ್ತರು. ನನ್ನ ಹೆಸರಿಗೆ ಅಂಕಪಟ್ಟಿಯಲ್ಲಿ ಒಂದು ಸ್ಪೆಲಿಂಗ್, ಆಧಾರ್‌ನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಮೂವರೂ ನಾನೇ ಅಂತ ಒಂದು ಕಚೇರಿಯಲ್ಲಿ ಅಫಿಡವಿಟ್ ಕೊಟ್ಟು ಬಂದಿದ್ದೇನೆ. ಆದ್ದರಿಂದ ಇಂಗ್ಲಿಷ್ ಸ್ಪೆಲಿಂಗನ್ನು ಮನೆಯಲ್ಲೇ ತೀರ್ಮಾನಿಸಿ, ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆದುಕೊಂಡು ಹೋಗಿ. ಬಾಯಲ್ಲಿ ಹೇಳಬೇಡಿ.

ಗಡಿಬಿಡಿ ಬೇಡ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಹೆಸರು ಅಷ್ಟರಲ್ಲಿ ಗೊತ್ತಾಗದಿದ್ದರೆ ಖಾಲಿ ಬಿಡಬಹುದು. ಒಂದು ವರ್ಷದೊಳಗೆ ಶುಲ್ಕ ಇಲ್ಲದೆ ಸೇರಿಸಬಹುದು, ಆಮೇಲೆ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಬಹುದು. ಆದರೆ 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಲೈಸೆನ್ಸ್ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಮೂಲ ದಾಖಲೆ. ಅಲ್ಲಿ ಒಂದಕ್ಷರ ತಪ್ಪಿದರೆ ಜನ್ಮವೆಲ್ಲ ಓಡಾಟ.

ಅಡ್ಡಹೆಸರಿನ ಕಾಲಂ ಇನ್ನೊಂದು ತಲೆನೋವು. ನಮ್ಮ ಹೊಲದ ಕಾಗದಗಳಲ್ಲಿ 'ಶರಣಪ್ಪ ತಂದೆ ಮಲ್ಲಪ್ಪ' ಅಂತಿರುತ್ತದೆ. ಐಸ್‌ಲ್ಯಾಂಡಿನಲ್ಲಿ ಇಡೀ ದೇಶವೇ ಹೀಗೆ. ಅಲ್ಲಿ ರಾಷ್ಟ್ರಪತಿಯಾಗಿದ್ದ ವಿಗ್ದಿಸ್ ಫಿನ್ಬೊಗಾದೊತ್ತಿರ್ ಅಂದರೆ ಫಿನ್ಬೊಗಿಯ ಮಗಳು ವಿಗ್ದಿಸ್. ಅಲ್ಲಿ ಮದುವೆಯಾದರೂ ಅಪ್ಪನ ಹೆಸರು ಹಾಗೇ ಇರುತ್ತದೆ. ನಮ್ಮಲ್ಲಿ 'ಶರಣಮ್ಮ ತಂದೆ' ಇದ್ದದ್ದು ಮದುವೆಯ ಮರುದಿನ 'ಶರಣಮ್ಮ ಗಂಡ' ಆಗುತ್ತದೆ. ಹೆಣ್ಣು ಕೂಸಿಗೆ ಮನೆತನದ ಅಡ್ಡಹೆಸರನ್ನು ಈಗಲೇ ಸೇರಿಸುವುದೋ ಬಿಡುವುದೋ ಕೂತು ಯೋಚಿಸಿ. ನಾವು ಅಪ್ಪನ ಹೆಸರಷ್ಟೇ ಹಾಕಿದೆವು.

ಬಾಯಿ ಪರೀಕ್ಷೆ

ಇದು ನನ್ನ ಸ್ವಂತದ್ದು. ಎರಡು ಮೂರು ಹೆಸರು ಉಳಿದಾಗ ಹೀಗೆ ಮಾಡಿ. ಒಂದು, ಬಾಗಿಲಲ್ಲಿ ನಿಂತು ಓಣಿಯ ತುದಿಗೆ ಕೇಳುವಂತೆ ಕೂಗಿ. ಎರಡು, ಹಲ್ಲಿಲ್ಲದ ಆಯಿಯ ಬಾಯಲ್ಲಿ ಹೇಳಿಸಿ. ಮೂರು, ಒಡಪಿನಲ್ಲಿ ಕೂಡಿಸಿ ನೋಡಿ. ಮದುವೆಯಲ್ಲಿ ಗಂಡ ಹೆಂಡತಿ ಹೆಸರನ್ನು ಒಡಪು ಕಟ್ಟಿಯೇ ಹೇಳಬೇಕಲ್ವಾ? "ತೊಗರಿ ಹೊಲದಾಗ ಹಳದಿ ಹೂ ತೂಗ್ಯಾವ, ಶರಣಬಸಪ್ಪನವರ ಕಾಲಾಗ ಹೊಸ ಜೋಡ ನಗ್ಯಾವ." ಈ ಜಾಗದಲ್ಲಿ ರೇಯಾಂಶ್‌ನವರನ್ನು ಕೂಡಿಸಿ ನೋಡಿ. ಬಾಯಿ ಅಲ್ಲೇ ಎಡವುತ್ತದೆ.

ನಮ್ಮಲ್ಲಿ ಕೊನೆಗೆ ಒಂದು ಜಾಣ ಹೆಸರು ಬಂತು: ಶರಣ್ಯಾ. ಅಪ್ಪನಿಗೆ ಅವ್ವನ ನೆನಪು, ಸೊಸೆಗೆ ಹೊಸ ಹೆಸರು, ಅರ್ಥವೂ ಸರಿ: ಆಸರೆ ಕೊಡುವವಳು. ಜೋಯಿಸರ 'ಣ' ಬಗ್ಗೆ ತಮ್ಮ "ನಡುವ ಅದಲ್ಲ, ಬಿಡ್ರಿ" ಅಂದ. ಎಲ್ಲರೂ ಒಪ್ಪಿದರು. ನಾನು ಪರೀಕ್ಷೆಗೆ ಬಾಗಿಲಿಗೆ ಹೋಗಿ ಜೋರಾಗಿ ಕೂಗಿದೆ, "ಏ ಶರಣ್ಯಾ!"

ಎದುರು ಮನೆಯ ಆಟೋ ಓಡಿಸುವ ಶರಣಪ್ಪ "ಹಾಂ ಅಕ್ಕಾ, ಎಲ್ಲಿಗಿ ಹೋಗಬೇಕು?" ಅಂತ ಹೊರಗೆ ಬಂದ. ಪಾನ್ ಅಂಗಡಿಯ ಮುಂದೆ ನಿಂತಿದ್ದ ಇನ್ನೊಬ್ಬ ಶರಣಬಸಪ್ಪನೂ ತಿರುಗಿ ನೋಡಿದ.

ಬೆಂಗಳೂರಿನಲ್ಲಿ ಶರಣ್ಯಾ ಹುಡುಗಿ. ನಮ್ಮ ಓಣಿಯಲ್ಲಿ ಶರಣ್ಯಾ ಅಂದರೆ ಮೀಸೆ ಇರುವವನು. ತಮ್ಮನ ಹೆಂಡತಿ ನಕ್ಕು ನಕ್ಕು ಕೂತುಬಿಟ್ಟಳು. ಆದರೂ ಪ್ರಮಾಣಪತ್ರದಲ್ಲಿ ಅದೇ ಬರೆಸಿದ್ದೇವೆ, ಚೀಟಿ ಕೊಟ್ಟು. ಶಾಲೆಯಲ್ಲಿ ಐದು ಶರಣ್ಯಾ ಇರುವುದಿಲ್ಲ ಅನ್ನುವುದು ಅವಳ ಲೆಕ್ಕ. ಓಣಿಯ ಗಂಡಸರ ಕಾಟ ಇದ್ದದ್ದೇ.

ತೊಟ್ಟಿಲ ದಿನ ನಾನು ಕಿವಿಯಲ್ಲಿ ಊದಿದ್ದು ಶರಣಮ್ಮ, ಮೂರು ಸಲ. ಆಮೇಲೆ ಶರಣ್ಯಾ, ಒಂದು ಸಲ. ಗುದ್ದು ಜೋರಾಗಿಯೇ ಬಿತ್ತು. ಈಗ ಕೂಸಿಗೆ ಏಳು ತಿಂಗಳು. ಅದರ ತಾಯಿ ಎರಡರಲ್ಲಿ ಯಾವ ಹೆಸರನ್ನೂ ಕರೆಯುವುದಿಲ್ಲ. ಎರಡರಲ್ಲೂ ಅತ್ತೆ ಇದ್ದಾಳೆ ನೋಡಿ. ಬೆಳಿಗ್ಗೆ ಎದ್ದ ಕೂಡಲೇ ತೊಟ್ಟಿಲ ಹತ್ತಿರ ಅವಳ ದನಿ ಕೇಳುತ್ತದೆ: "ಎದ್ದೇನ ಆಯಿ? ಹಾಲು ಕುಡಿತಿ?"